ನೆಲಮಾಳಿಗೆಗೆ ಬಣ್ಣವೊಂದೇ ಸಾಲದು

ಮೈಸೂರಿನಲ್ಲಿ ಒಂದಡಿ ನೆಲ ಕೊಳ್ಳುವುದು ದುಡಿದು ತಿನ್ನುವವನ ಕೈಮೀರಿದ ಮಾತಾಗಿದೆ. ಮೇಲೆ ಕಟ್ಟಲು ಹಣವಿಲ್ಲ, ಪಕ್ಕಕ್ಕೆ ಹಿಗ್ಗಿಸಲು ಜಾಗವಿಲ್ಲ. ಆದುದರಿಂದ ಅವನು ಕೆಳಗೆ ನೋಡುತ್ತಾನೆ. ಇಳಿಜಾರು ನಿವೇಶನದ ಮನೆಗಳಲ್ಲಿ ರಸ್ತೆಗಿಂತ ತಗ್ಗಿನಲ್ಲಿ ಅರ್ಧ ಹೂತ ಕೋಣೆಯೊಂದು ಇರುವುದುಂಟು. ಹಳೆಯ ಸೈಕಲ್ಲು, ಮುರಿದ ಮಂಚ, ಅಂಗಡಿಯ ಖಾಲಿ ಚೀಲಗಳು ಅಲ್ಲಿ ಬಿದ್ದಿರುತ್ತವೆ. ಇದನ್ನು ಸರಿಪಡಿಸಿದರೆ ಮಗನಿಗೆ ಓದುವ ಕೋಣೆಯಾಯಿತು, ಇಲ್ಲವೇ ತಿಂಗಳಿಗೆ ನಾಲ್ಕು ಕಾಸು ಬಾಡಿಗೆ ಬಂತು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಅದರಲ್ಲಿ ಕೆಲವು ಬಾಬುಗಳು ಬಿಟ್ಟುಹೋಗಿವೆ. ಅವನ್ನು ಹೇಳಬೇಕಾಗಿದೆ.

ಮೊದಲನೆಯದು ನೀರು. ಅಂಗಡಿಗೆ ಹೋದರೆ ಟೈಲ್ಸು, ಪ್ಲೈವುಡ್ಡು, ಹೊಳೆಯುವ ಬಣ್ಣ ತೋರಿಸುತ್ತಾರೆ. ಮಣ್ಣಿಗೆ ಒತ್ತಿಕೊಂಡ ಗೋಡೆ ಇದಕ್ಕೆಲ್ಲ ಮಣಿಯುವುದಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗುಳ್ಳೆ ಏಳುತ್ತದೆ, ಗಾರೆಯ ಮೇಲೆ ಬಿಳಿಯ ಉಪ್ಪು ಕಾಣುತ್ತದೆ, ಪ್ಲೈವುಡ್ಡಿನ ಹಿಂದೆ ಬೂಷ್ಟು ಬೆಳೆಯುತ್ತದೆ. ಮೈಸೂರಿಗೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಜೋರು ಮಳೆ. ಕಾಸು ಬಿಚ್ಚುವ ಮೊದಲು ಆ ಎರಡು ಮಳೆಯಲ್ಲಿ ಗೋಡೆಯ ಗುಣ ನೋಡಿಕೊಳ್ಳಿರಿ. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಒಳಮುಖದಲ್ಲಿ ಹನಿಯಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮುಖದಲ್ಲಿದ್ದರೆ ಕೋಣೆಯ ಗಾಳಿಯೇ ತೇವವಾಗಿದೆ. ಮೊದಲನೆಯದಕ್ಕೆ ಮದ್ದು ಹೊರಗಿನಿಂದ ಆರಂಭವಾಗಬೇಕು. ತಾರಸಿಯ ನೀರನ್ನು ಗೋಡೆಯಿಂದ ದೂರ ಹರಿಸಬೇಕು. ಅಂಗಳದ ನೆಲವನ್ನು ಹೊರಕ್ಕೆ ಇಳಿಜಾರು ಮಾಡಬೇಕು. ಪಕ್ಕದಲ್ಲೇ ನೀರಿನ ಸಂಪು ಇದ್ದರೆ ಅದು ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಎರಡನೆಯದಕ್ಕೆ ಮದ್ದು ಗಾಳಿ.

ಗಾಳಿಯ ಬೆಲೆ ನಮ್ಮ ಹಿರಿಯರಿಗೆ ತಿಳಿದಿತ್ತು. ಧಾನ್ಯ ತುಂಬಿದ ಹಗೇವನ್ನು ತೆರೆದೊಡನೆ ಅವರು ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಕೆಟ್ಟ ಗಾಳಿ ಹೋದಮೇಲೆ ಇಳಿಯುತ್ತಿದ್ದರು. ಜೋಳಕ್ಕೆ ಇಳಿಯುವವನಿಗೆ ಇಷ್ಟು ಎಚ್ಚರ ಬೇಕಾದರೆ, ರಾತ್ರಿಯಿಡೀ ಮಲಗುವ ಮಗುವಿಗೆ ಎಷ್ಟು ಬೇಕು?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ನೆಲಮಾಳಿಗೆಗೆ 2.4 ಮೀಟರ್ ಎತ್ತರ ಸಾಕೆನ್ನುತ್ತದೆ. ವಾಸದ ಕೋಣೆಗೆ 2.75 ಮೀಟರ್ ಕೇಳುತ್ತದೆ. ಈ ಅಂತರಕ್ಕೆ ಅರ್ಥವುಂಟು. ಸಂಹಿತೆಯ ದೃಷ್ಟಿಯಲ್ಲಿ ನೆಲಮಾಳಿಗೆ ಸಾಮಾನಿಗೆ, ವಾಹನಕ್ಕೆ, ಯಂತ್ರಕ್ಕೆ ಇರುವ ಜಾಗ. ಆದುದರಿಂದ ಮೊದಲು ಮಂಜೂರಾದ ನಕ್ಷೆಯಲ್ಲಿ ಏನಿದೆಯೆಂದು ನೋಡಿರಿ. ಒಣ ಸೀಮೆಯಲ್ಲೂ ಕೋಣೆಯ ನೆಲದ ಹತ್ತನೇ ಒಂದು ಪಾಲಿನಷ್ಟಾದರೂ ಕಿಟಕಿ ಇರಬೇಕು. ಹತ್ತಡಿಗೆ ಹನ್ನೆರಡಡಿ ಕೋಣೆಯಾದರೆ ನಾಲ್ಕಡಿಗೆ ಮೂರಡಿಯ ಒಂದು ಕಿಟಕಿ. ಅಷ್ಟು ಕಿಟಕಿ ನೆಲದ ಮೇಲೆ ಬರುವಂತಿಲ್ಲದಿದ್ದರೆ ಅದು ಉಗ್ರಾಣವೇ ಸರಿ, ವಾಸದ ಕೋಣೆಯಲ್ಲ.

ಇನ್ನು ಮೂರು ಮಾತು. ಅಡಿಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಸಿಲಿಂಡರನ್ನು ಅಲ್ಲಿಡಕೂಡದು, ಇಜ್ಜಲು ಒಲೆಯನ್ನೂ ಹಚ್ಚಕೂಡದು. ರಸ್ತೆಯ ಒಳಚರಂಡಿಗಿಂತ ಕೆಳಗೆ ಕಕ್ಕಸು ಕಟ್ಟಿದರೆ, ಚರಂಡಿ ಕಟ್ಟಿದ ದಿನ ಊರಿನ ಕೊಳಕೆಲ್ಲ ಮನೆಯೊಳಗೆ ಬರುತ್ತದೆ. ಎತ್ತರ ಸಾಲದೆಂದು ನೆಲ ಅಗೆದರೆ ಪಾಯ ಕದಲಬಹುದು, ನೆರೆಯವನ ಗೋಡೆಯೂ ಬೀಳಬಹುದು. ಇಂಜಿನಿಯರನನ್ನು ಕೇಳದೆ ಗುದ್ದಲಿ ಹಾಕತಕ್ಕದ್ದಲ್ಲ.

ಕೊನೆಯದಾಗಿ, ಹೊರಗೆ ಬರುವ ದಾರಿ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ಉಗ್ರಾಣಕ್ಕೆಂದು ಅನುಮತಿ ಪಡೆದ ನೆಲಮಾಳಿಗೆಯನ್ನು ಕೋಚಿಂಗ್ ಕೇಂದ್ರದವರು ಗ್ರಂಥಾಲಯ ಮಾಡಿದ್ದರು. ರಸ್ತೆಯ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ನಮ್ಮ ಊರಿನಲ್ಲಿಯೂ ದೊಡ್ಡಕೆರೆ ಮೈದಾನವಾಗಿದೆ, ಜೀವಣ್ಣರಾಯನ ಕಟ್ಟೆ ಮೈದಾನವಾಗಿದೆ. ಕೆರೆ ಹೋದರೂ ನೀರು ತಗ್ಗನ್ನು ಮರೆಯುವುದಿಲ್ಲ. ಎರಡನೆಯ ದಾರಿ, ಒಳಗಿನಿಂದ ತೆಗೆಯಬಹುದಾದ ಕಿಟಕಿ ಸರಳು, ಎತ್ತರದಲ್ಲಿ ವಿದ್ಯುತ್ ಸ್ವಿಚ್ಚು: ಇವು ಸುಖದ ಸಾಮಾನಲ್ಲ, ಪ್ರಾಣದ ಸಾಮಾನು.

ಈಗ ಬಾಡಿಗೆಯ ಮಾತು. ಸ್ವಂತ ಮನೆಯವನು ಮಳೆ ಬಂದರೆ ಮೇಲಕ್ಕೆ ಹತ್ತಿ ಹೋಗುತ್ತಾನೆ. ಬಾಡಿಗೆಯವನಿಗೆ ಮೇಲಿನ ಬಾಗಿಲು ಇಲ್ಲ. ತಾನು ಮಲಗಲಾರದ ಜಾಗದಲ್ಲಿ ಇನ್ನೊಬ್ಬನ ಸಂಸಾರವನ್ನು ಇರಿಸಿ ಹಣ ಪಡೆಯುವುದು, ಮಾಲೀಕ ದೊಡ್ಡವನಾಗಲಿ ಚಿಕ್ಕವನಾಗಲಿ, ನ್ಯಾಯವಲ್ಲ. 1845ರಲ್ಲಿ ಎಂಗೆಲ್ಸ್ ಬರೆದ ಪುಸ್ತಕದಲ್ಲಿ ಲಿವರ್‌ಪೂಲ್ ಪಟ್ಟಣದ 7,862 ನೆಲಮಾಳಿಗೆಗಳ ಲೆಕ್ಕವಿದೆ. ಅವುಗಳಲ್ಲಿ 45,000ಕ್ಕೂ ಹೆಚ್ಚು ಜನ ವಾಸವಾಗಿದ್ದರು. ಅವರು ಅಲ್ಲಿಗೆ ಇಷ್ಟಪಟ್ಟು ಹೋದವರಲ್ಲ. ಕೂಲಿ ಅವರನ್ನು ಅಲ್ಲಿಗೆ ಇಳಿಸಿತ್ತು.

ಮೈಸೂರು ಈ ಪಾಠವನ್ನು ಪ್ಲೇಗಿನಿಂದ ಕಲಿತ ಊರು. ಮಾರಿ ಬಂದುಹೋದ ಬಳಿಕ 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಹುಟ್ಟಿತು, ಹೊಸ ಬಡಾವಣೆಗಳಾದವು. ಗಾಳಿ ಬೆಳಕು ಉಳ್ಳವರ ಆಸ್ತಿಯಲ್ಲ, ಪೌರನ ಹಕ್ಕು ಎಂಬ ತತ್ತ್ವ ಅದರಲ್ಲಿ ಅಡಗಿದೆ. ನಕ್ಷೆಯಲ್ಲಿ ವಾಹನ ನಿಲ್ದಾಣವೆಂದು ತೋರಿಸಿ ಕೆಳಗೆ ಮಳಿಗೆ ಮಾಡಿದ ದೊಡ್ಡ ಕಟ್ಟಡಗಳನ್ನು ಬಿಟ್ಟು, ಬೀದಿಯ ಚಿಕ್ಕ ಅಂಗಡಿಯವನಿಗೆ ಮಾತ್ರ ನೋಟೀಸು ಕೊಡುವುದಾದರೆ ಕಾನೂನಿಗೆ ಬೆಲೆ ಉಳಿಯದು. ಪಾಲಿಕೆಯವರು ಎಲ್ಲ ನೆಲಮಾಳಿಗೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ಸರ್ಕಾರದವರು ದುಡಿಯುವವನಿಗೆ ಎಟುಕುವ ಬಾಡಿಗೆಯಲ್ಲಿ ನೆಲದ ಮೇಲೆ ಮನೆ ಒದಗಿಸಬೇಕು.

ಅಲ್ಲಿಯವರೆಗೆ, ಕೆಳಗಿನ ಕೋಣೆಗೆ ಕೈ ಹಾಕುವವರು ನೀರು, ಗಾಳಿ, ಬೆಳಕು, ದಾರಿ ಈ ನಾಲ್ಕನ್ನು ಮೊದಲು ಮಾಡಿ, ಹಣ ಮಿಕ್ಕರೆ ಬಣ್ಣ ಬಳಿಯಿರಿ. ಈ ನಾಲ್ಕೂ ಆಗದ ಜಾಗದಲ್ಲಿ ಚೀಲ ಇಡಿರಿ, ಮನುಷ್ಯರನ್ನು ಇಡಬೇಡಿರಿ.