ನಾಡಿ ಹಿಡಿಯದೆ ಮದ್ದು ಅರೆಯುವವರು

ಕ್ಯಾಲಿಫೋರ್ನಿಯಾದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲೆ, ಇದು 'ಇಂಡಸ್ಟ್ರಿಯಲ್ ಸಿಟಿ' ಎಂದು ಸಾರುವ ದೈತ್ಯ ಬಿಳಿ ಅಕ್ಷರಗಳಿವೆ. ಒಂದು ಕಾಲಕ್ಕೆ ಇದು ಕಸಾಯಿಖಾನೆಗಳ, ಉಕ್ಕಿನ ಊರು. 1976ರಲ್ಲಿ ಜೈವಿಕ ತಂತ್ರಜ್ಞಾನ ಕಂಪನಿ ಜೆನೆನ್‌ಟೆಕ್ ಹುಟ್ಟಿದ ಮೇಲೆ ಔಷಧ ಪ್ರಯೋಗಾಲಯಗಳ ಊರಾಯಿತು. ದುಡಿಯುವವರ ಕೈಯಿಂದ ಕತ್ತಿ ಹೋಗಿ, ದ್ರವ ಅಳೆದು ಹಾಕುವ ಪಿಪೆಟ್ ಬಂತು. ನೋಯುವುದು ಮಾತ್ರ ಈಗಲೂ ಕೈಯೇ.

ಇಲ್ಲಿನ ಸಣ್ಣ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ಪರಿಚಯದ ಕನ್ನಡತಿಯೊಬ್ಬರಿದ್ದಾರೆ. ದಿನವಿಡೀ ಹೆಬ್ಬೆರಳಿನಿಂದ ಪಿಪೆಟ್ ಒತ್ತಿ ಒತ್ತಿ, ಸಂಜೆ ಮನೆಯಲ್ಲಿ ಚಪಾತಿ ಹಿಟ್ಟು ನಾದಲೂ ಆಗದ ಸ್ಥಿತಿ. ಕಂಪನಿ ಹೋದ ವರ್ಷ 'ವೆಲ್‌ನೆಸ್' ಶುರು ಮಾಡಿತು: ಬುಧವಾರ ಮಧ್ಯಾಹ್ನ ಯೋಗ, ಹೆಜ್ಜೆ ಎಣಿಸುವ ಸ್ಪರ್ಧೆ, ಧ್ಯಾನದ ಆ್ಯಪ್. "ಆ ಹೊತ್ತಿಗೆ ನನ್ನ ಕೈ ಲ್ಯಾಬಿನ ಗಾಜಿನ ಹುಡ್ ಒಳಗಿರುತ್ತೆ ಕಣ್ರೀ. ಜೀವಕೋಶಗಳನ್ನ ಅರ್ಧಕ್ಕೆ ಬಿಟ್ಟು ಶವಾಸನ ಹಾಕೋದಾ?" ಎಂದು ನಕ್ಕರು. ರಾತ್ರಿ ನೆಲ ಒರೆಸುವ ಗುತ್ತಿಗೆ ನೌಕರರಿಗಂತೂ ಆ ಇಮೇಲ್ ಕೂಡ ಹೋಗಿರಲಿಲ್ಲ.

"ಬೇಕಾದವರು ಬರಲಿ, ಬೇಡದವರು ಬಿಡಲಿ, ಇದರಿಂದ ಯಾರಿಗೇನು ನಷ್ಟ?" ಎನ್ನುತ್ತಾರೆ ಮಾನವ ಸಂಪನ್ಮೂಲದವರು. ಬರುವವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ. ಇಲಿನಾಯ್ ವಿಶ್ವವಿದ್ಯಾಲಯ ತನ್ನದೇ ಸುಮಾರು 5 ಸಾವಿರ ನೌಕರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇಂಥದೇ ಕಾರ್ಯಕ್ರಮವನ್ನು ಪರೀಕ್ಷಿಸಿತು. ಕಾರ್ಯಕ್ರಮಕ್ಕೆ ಸೇರಿದವರು ಮೊದಲೇ ಆಸ್ಪತ್ರೆ ಖರ್ಚು ಕಡಿಮೆ ಇದ್ದವರು. ಕಾರ್ಯಕ್ರಮದಿಂದಾಗಿ ಆ ಖರ್ಚೇನೂ ಇಳಿಯಲಿಲ್ಲ. ಅಮೆರಿಕದ ಬಿಜೆಸ್ ಹೋಲ್‌ಸೇಲ್ ಕ್ಲಬ್ ಮಳಿಗೆಗಳ ಸುಮಾರು 33 ಸಾವಿರ ನೌಕರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹದಿನೆಂಟು ತಿಂಗಳ ಬಳಿಕ ರಕ್ತದೊತ್ತಡ, ರಜೆ, ವೈದ್ಯಕೀಯ ವೆಚ್ಚ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಾಡಿ ಹಿಡಿಯದೆ ಅರೆದ ಮದ್ದನ್ನು ರೋಗವಿಲ್ಲದವರು ಚಪ್ಪರಿಸಿದರು, ಅಷ್ಟೇ.

ಹಾಗಾದರೆ ಏನು ಬೇಕೆಂದು ನೌಕರರನ್ನು ಕೇಳಿದರೆ ಸಾಕೇ? ಕೇಳುವುದರಲ್ಲೂ ಬಗೆಯಿದೆ. 2013ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಆರೋಗ್ಯದ ಪ್ರಶ್ನಾವಳಿ ತುಂಬದ ನೌಕರರಿಗೆ ತಿಂಗಳಿಗೆ 100 ಡಾಲರ್ ದಂಡ ಹಾಕಲು ಹೊರಟು, ಪ್ರಾಧ್ಯಾಪಕರು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. 2018ರ ವೆಸ್ಟ್ ವರ್ಜೀನಿಯಾ ಶಿಕ್ಷಕರ ಮುಷ್ಕರಕ್ಕೆ ಮುನ್ನ ಕಿಚ್ಚು ಹೊತ್ತಿಸಿದವುಗಳಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಕೂಡ ಒಂದು. ಸಂಬಳ, ವಿಮೆ ಎಂದು ಅವರು ಅಳುತ್ತಿದ್ದರೆ ಸರ್ಕಾರ ಮಣಿಕಟ್ಟಿಗೆ ಲೆಕ್ಕದ ಯಂತ್ರ ಕಟ್ಟಲು ಬಂದಿತ್ತು. ದಂಡದ ಭಯ ಹುಟ್ಟಿಸಿ ಕೇಳಿದರೆ ಅದು ವಿಚಾರಿಸುವುದಲ್ಲ, ವಿಚಾರಣೆ.

ಮೊದಲು ನಾಡಿ ಹಿಡಿಯಬೇಕು ಎಂಬುದು ಕ್ಯಾಲಿಫೋರ್ನಿಯಾಕ್ಕೆ ಹೊಸ ಪಾಠವೂ ಅಲ್ಲ. ಒಂದೇ ಬಗೆಯ ಕೆಲಸ ಮಾಡುವ ಒಬ್ಬರಿಗಿಂತ ಹೆಚ್ಚು ಮಂದಿಗೆ, ಮಾಡಿದ್ದನ್ನೇ ಮಾಡುವುದರಿಂದ ಬಂದ ನೋವನ್ನು ವೈದ್ಯರು ಗುರುತಿಸಿದರೆ, ಮಾಲೀಕ ಮೊದಲು ಆ ಕೆಲಸವನ್ನೇ ಪರಿಶೀಲಿಸಬೇಕು, ಆಮೇಲೆ ತಿದ್ದಬೇಕು ಎಂಬ ನಿಯಮ ಇಲ್ಲಿ 1997ರಿಂದಲೂ ಇದೆ. ವೆಲ್‌ನೆಸ್ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ: ಕೆಲಸ ಇದ್ದಂತೆಯೇ ಇರಲಿ, ನೌಕರ ತಿದ್ದಿಕೊಳ್ಳಲಿ. ನಮ್ಮ ಬೆಂಗಳೂರೂ ಇದಕ್ಕೆ ಹೊರತಲ್ಲ. ಐಟಿ ನೌಕರರನ್ನು ದಿನಕ್ಕೆ 14 ಗಂಟೆ ದುಡಿಸಲು ಅನುವು ಮಾಡುವ ಪ್ರಸ್ತಾವದ ವಿರುದ್ಧ 2024ರಲ್ಲಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಬೇಕಾಯಿತು. ಅಂಥ ದಿನದ ಕೊನೆಗೆ ಯಾವ ಪ್ರಾಣಾಯಾಮ ನಾಟೀತು?

ವೆಲ್‌ನೆಸ್‌ಗೆಂದು ತೆಗೆದಿಟ್ಟ ದುಡ್ಡು ಮೊದಲು ಕೇಳುವುದಕ್ಕೆ ಖರ್ಚಾಗಲಿ. ಹೆಸರು ಬರೆಸದೆ, ಪಾಳಿಪಾಳಿಗೂ ಹೋಗಿ, ಗುತ್ತಿಗೆಯವರನ್ನೂ ಸೇರಿಸಿ ಕೇಳಲಿ. ಬಂದ ಉತ್ತರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಲಿ. ಯಾವುದನ್ನು ಮಾಡುತ್ತೇವೆ, ಯಾವುದನ್ನು ಮಾಡಲಾಗದು, ಏಕೆ ಎಂದೂ ಬರೆಯಲಿ. ಯೋಗವೇ ಬೇಕೆಂದು ಉತ್ತರ ಬಂದರೆ ಸಂತೋಷವಾಗಿ ಚಾಪೆ ಹಾಸಲಿ.

ನಿಮಗೆ ಏನು ಬೇಕಿತ್ತು ಎಂದು ಕಾಫಿ ಕುಡಿಯುತ್ತಾ ನಾನು ಲ್ಯಾಬಿನ ಆ ಪರಿಚಿತರನ್ನು ಕೇಳಿದೆ. "ಬೆರಳು ಒತ್ತೋದು ಕಡಿಮೆಯಾಗೋ ಎಲೆಕ್ಟ್ರಾನಿಕ್ ಪಿಪೆಟ್. ಮಧ್ಯೆ ಹತ್ತು ನಿಮಿಷ ಬಿಡುವು" ಎಂದರು. ಲೋಟದಲ್ಲಿನ್ನೂ ಅರ್ಧ ಕಾಫಿ ಉಳಿದಿತ್ತು.