ಮೊದಲು ಗೋಡೆ, ಆಮೇಲೆ ಚಿನ್ನ



ಕಳೆದ ತಿಂಗಳು ಮದುವೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಈಗ ಸಿವಿಲ್ ಇಂಜಿನಿಯರ್. ಊಟದ ಪಂಕ್ತಿಯಲ್ಲಿ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಮಾತು ಬಂತು. "ಸರ್, ಅವುಗಳಿಂದ ಮತ್ತೆ ಚಿನ್ನ ತೆಗೆಯುತ್ತಾರಂತೆ. ವಿಷ ಸೋರಿದರೆ ಸುತ್ತ ನೆಲದಡಿಯಲ್ಲಿ ಒಂದು ಗೋಡೆ ಕಟ್ಟಿದರಾಯಿತು" ಎಂದ. ಅಷ್ಟರಲ್ಲಿ ಹೋಳಿಗೆ ಬಂತು, ನಾನು ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಊರನ್ನು ಕಾಣದ ಬಂಧುಗಳಿಗಾಗಿ ಒಂದೆರಡು ಮಾತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಒಟ್ಟು 13, ಸುಮಾರು 3.3 ಕೋಟಿ ಟನ್. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸಾವಿರ ಎಕರೆಗೂ ಮಿಕ್ಕಿದ ಈ ಪ್ರದೇಶದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಸಮ್ಮತಿಸಿತು.

ಅಲ್ಲಿ ವಿಜ್ಞಾನ ಕಲಿಸಿದ ವರ್ಷಗಳಲ್ಲಿ, ಗಾಳಿಯ ತಿಂಗಳು ಬಂತೆಂದರೆ ಮೊದಲ ಪಿರಿಯಡ್ಡು ಬೆಂಚು ಒರೆಸುವುದರಲ್ಲೇ ಕಳೆಯುತ್ತಿತ್ತು. ಒಂದು ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೊಡನೆ ದಿಬ್ಬದ ಬುಡದ ಕೊರಕಲಿಗೆ ಹೋಗಿ, ನಿಂತ ನೀರಿನಲ್ಲಿ ನೀಲಿ ಲಿಟ್ಮಸ್ ಅದ್ದಿದೆವು. ಕೆಂಪಾಯಿತು. ಕಚೇರಿಯೊಂದಕ್ಕೆ ಪತ್ರ ಬರೆದೆ. "ವಿಷಯ ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ನಾನು ನಿವೃತ್ತನಾದೆ, ಪರಿಶೀಲನೆ ಇನ್ನೂ ಸೇವೆಯಲ್ಲಿದೆ.

ಸೈನೈಡ್ ಬಿಸಿಲು ಗಾಳಿಗಳಲ್ಲಿ ಕ್ರಮೇಣ ಒಡೆಯುತ್ತದೆ, ನಿಜ. ಅದನ್ನೇ ಹಿಡಿದು "ಈಗೇನೂ ಭಯವಿಲ್ಲ" ಎನ್ನುವವರಿದ್ದಾರೆ. ಆದರೆ ಅದಿರಿನಲ್ಲಿ ಗಂಧಕಯುಕ್ತ ಖನಿಜಗಳೂ ಇದ್ದವು. ಅವು ಗಾಳಿ, ನೀರು ಸೋಕಿದಾಗ ಆಮ್ಲವಾಗುತ್ತವೆ, ಆಮ್ಲವು ಲೋಹಗಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಲಿಟ್ಮಸ್ ಕೆಂಪಾದದ್ದು ಸೈನೈಡಿನಿಂದಲ್ಲ.

ಇನ್ನು ಗೋಡೆಯ ಮಾತು. ಕಿರಿದಾದ ಆಳವಾದ ಕಂದಕ ತೋಡಿ, ಬೆಂಟೊನೈಟ್ ಎಂಬ ಉಬ್ಬುವ ಜೇಡಿಯನ್ನು ಮಣ್ಣಿನೊಡನೆ ಕಲಸಿ ತುಂಬುತ್ತಾರೆ. ಒಳ್ಳೆಯ ಗೋಡೆಯಲ್ಲಿ ನೀರು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ. ವಿದ್ಯೆ ಸುಳ್ಳಲ್ಲ. ಆದರೆ ಗೋಡೆಯ ಬುಡ ನೀರು ಬಿಡದ ಪದರದಲ್ಲಿ ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಅದು ತಳವಿಲ್ಲದ ಕೊಳಗ. ಕೋಲಾರದ್ದು ಗಟ್ಟಿ ಬಂಡೆ, ಆದರೆ ಬಿರುಕುಳ್ಳ ಬಂಡೆ. ಆ ಬಿರುಕುಗಳಿಗೆ ಸಿಮೆಂಟ್ ಹಾಲನ್ನು ಒತ್ತಡದಿಂದ ತುಂಬಬೇಕು, ಅದೂ ಕೊರೆದು ಕೊರೆದು ಪರೀಕ್ಷಿಸಿ. ತಳವೂ ಗಟ್ಟಿಯಾಯಿತೆನ್ನಿ, ಆಗ ಒಳಗೆ ಬಿದ್ದ ಮಳೆ ತೊಟ್ಟಿಯಂತೆ ತುಂಬಿ ಮೇಲಿನಿಂದ ಹರಿಯುತ್ತದೆ. ಆದ್ದರಿಂದ ಮೇಲೆ ಹೊದಿಕೆ, ಒಳಗೆ ಪಂಪು, ಪಂಪಿನ ನೀರಿಗೆ ಶುದ್ಧೀಕರಣ, ಹೊರಗೆ ಪರೀಕ್ಷೆಯ ಬಾವಿಗಳು. ಕೆನಡಾದ ಸಡ್‌ಬರಿ ಬಳಿಯ ನಿಕಲ್ ರಿಮ್ ಗಣಿಯಲ್ಲಿ 1995ರಲ್ಲಿ ತಡೆಯುವ ಬದಲು ಸೋಸುವ ಗೋಡೆ ಹಾಕಿದರು: ನೆಲದೊಳಗೆ ಕಾಂಪೋಸ್ಟು, ಮರದ ಚೂರು, ಸೂಕ್ಷ್ಮಜೀವಿಗಳು ಗಂಧಕವನ್ನೂ ಲೋಹವನ್ನೂ ಅಲ್ಲೇ ಹಿಡಿದಿಡುತ್ತವೆ. ಸೊಗಸಾದ ಉಪಾಯ. ಅಲ್ಲಿಯೂ ಕೆಲವೇ ವರ್ಷಗಳಲ್ಲಿ ಆ ಮಿಶ್ರಣದ ಶಕ್ತಿ ಕುಂದತೊಡಗಿತು.

ಅಂದರೆ ಗೋಡೆಯೆಂಬುದು ಕಟ್ಟಡವಲ್ಲ, ಸಂಬಳ ಕೊಡಬೇಕಾದ ಕಾವಲುಗಾರ. ಸಂಬಳ ಕೊಡುವವರು ಯಾರು? ನನ್ನ ಜಗಳವಿರುವುದು ಇಲ್ಲಿ. "ಮೊದಲು ಚಿನ್ನ ತೆಗೆಯೋಣ, ಬಂದ ಹಣದಲ್ಲಿ ಗೋಡೆ ಕಟ್ಟೋಣ" ಎಂಬ ವಾದ ಕೇಳಲು ವ್ಯಾವಹಾರಿಕ. ಟನ್ನಿಗೆ ಒಂದು ಗ್ರಾಂ ಚಿನ್ನ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಉಳಿದ ಟನ್ ಎಲ್ಲಿ ಹೋಗುತ್ತದೆ? ದಿಬ್ಬ ಕರಗುವುದಿಲ್ಲ, ಜಾಗ ಬದಲಿಸುತ್ತದೆ. ಅದೂ ಹೊಸದಾಗಿ ತೇವಗೊಂಡು, ಹೊಸ ಸೈನೈಡ್ ಕುಡಿದು. ಸೋರಿಕೆ ಹೆಚ್ಚಬಹುದಾದ ವರ್ಷಗಳಲ್ಲೇ ತಡೆ ಇಲ್ಲದಿದ್ದರೆ ಆಮೇಲಿನ ಗೋಡೆ ಯಾರಿಗೆ? ಚಿನ್ನ ಮುಗಿದ ಮೇಲೆ ಈ ದೇಶದಲ್ಲಿ ಗಣಿಯ ಊರಿಗೆ ಹಣ ಮರಳಿದ್ದನ್ನು ನಾನು ಕಂಡಿಲ್ಲ. 2001ರಲ್ಲಿ ಗಣಿ ಮುಚ್ಚಿದಾಗ ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆಯರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋದರು. ಗೋಡೆಗೆ ಅವರ ಮಕ್ಕಳು ಚಂದಾ ಎತ್ತಬೇಕೇ?

ಕೆಲಸವೇ ಬೇಡವೆಂದು ನಾನು ಹೇಳುತ್ತಿಲ್ಲ. ಆ ಊರಿಗೆ ಕೆಲಸ ಬೇಕು. ಹೊಸ ಕಸ ಸುರಿಯುವ ಜಾಗದ ಕೆಳಗೂ ಸುತ್ತಲೂ ತಡೆ ಮೊದಲು ಬರಲಿ. ಮುಂದಿನ ದಶಕಗಳ ಪಂಪು, ಪರೀಕ್ಷೆಗಳ ಹಣ ಮೊದಲ ಬುಟ್ಟಿ ಎತ್ತುವ ಮುನ್ನ ಬ್ಯಾಂಕಿನಲ್ಲಿರಲಿ. ಬಾವಿಗಳ ನೀರಿನ ಫಲಿತಾಂಶ ಪ್ರತಿ ತಿಂಗಳೂ ಕನ್ನಡದಲ್ಲೂ ತಮಿಳಿನಲ್ಲೂ ಊರಿನ ಬಸ್ ನಿಲ್ದಾಣದಲ್ಲಿ ತೂಗಲಿ.

ಅಯ್ಯಾ ಇಂಜಿನಿಯರನೇ, ನೀನು ಇದನ್ನು ಓದುವೆ ಎಂದು ಬಲ್ಲೆ. ಟೆಂಡರು ಹೊರಬಿದ್ದರೆ ತರಿಸಿ ಓದು. ಗೋಡೆಯ ಮಾತು ಎಷ್ಟನೆಯ ಪುಟದಲ್ಲಿದೆ, ಅದರ ಎದುರು ಮೊತ್ತವಿದೆಯೇ, ಖಾಲಿ ಗೆರೆಯಿದೆಯೇ ನೋಡಿ ನನಗೆ ಬರೆ.