ಜಾರುಬಂಡಿ ಸರಿ, ಮಕ್ಕಳ ತಲೆಗೆ ಹೆಲ್ಮೆಟ್ ಎಲ್ಲಿ?



ಸ್ವಿಟ್ಜರ್ಲೆಂಡಿನ ಚಳಿಗಾಲದ ಬಗ್ಗೆ ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹಿಮದಲ್ಲಿ ಜಾರುಬಂಡಿ ಆಡಲು ಯಾವ ಊರಾದರೂ ಸರಿ, ಕೂತರೆ ಸಾಕು ಎಂಬ ಧಾಟಿ ಅದರಲ್ಲಿದೆ. ಹದಿನಾಲ್ಕು ವರ್ಷದಿಂದ ಜ್ಯೂರಿಕ್‌ನಲ್ಲಿದ್ದು, ಪ್ರತಿ ಚಳಿಗಾಲ ಮಕ್ಕಳೊಂದಿಗೆ ಜಾರುವ ನನಗೆ ಇದು ಒಪ್ಪಿಗೆಯಿಲ್ಲ.

ಕಳೆದ ಫೆಬ್ರವರಿಯಲ್ಲಿ ಬೆರ್ಗ್ಯೂನ್ ಊರಿನ ಮೇಲಿನ ತಿರುವಿನಲ್ಲಿ "ನಿಲ್ಸಪ್ಪಾ, ನಿಲ್ಸು" ಎಂಬ ಕೂಗು ಕೇಳಿ ಬೆಚ್ಚಿದೆ. ಟೂರ್ ಕಂಪನಿಯೊಂದರ ಮೂಲಕ ಬಂದಿದ್ದ ಬೆಂಗಳೂರಿನ ಕುಟುಂಬ. ಅಪ್ಪನ ಕಾಲಲ್ಲಿ ಅಡಿ ಸವೆದ ಕ್ಯಾನ್ವಾಸ್ ಶೂ. ಎಷ್ಟು ಊರಿದರೂ ಹಿಡಿತ ಸಿಗದೆ ಬಂಡಿ ಅಂಚಿನ ಹಿಮದ ದಿಬ್ಬಕ್ಕೆ ಬಡಿಯಿತು. ಮುಂದೆ ಕೂತಿದ್ದ ಪುಟ್ಟ ಹುಡುಗಿಯ ಹುಬ್ಬು ಒಡೆದು, ಬಿಳಿ ಹಿಮದ ಮೇಲೆ ನಾಲ್ಕು ಹನಿ ರಕ್ತ. "ಹೆಲ್ಮೆಟ್ ಬಾಡಿಗೆಗೆ ಸಿಗುತ್ತೆ ಅಂತ ನಮಗೆ ಯಾರೂ ಹೇಳ್ಲೇ ಇಲ್ಲ ಮೇಡಂ" ಎಂದು ತಾಯಿ ಅತ್ತರು.

ತಪ್ಪು ಆ ಜಾಗದ್ದಲ್ಲ. ಮಕ್ಕಳಿರುವವರಿಗೆ ನಾನು ಮೊದಲು ಹೇಳುವುದೇ ಪ್ರೆಡಾ–ಬೆರ್ಗ್ಯೂನ್ ಹಾದಿ. ಚಳಿಗಾಲದಲ್ಲಿ ವಾಹನಗಳಿಗೆ ಮುಚ್ಚುವ ಆಲ್ಬುಲಾ ಘಾಟಿ ರಸ್ತೆಯೇ ಅಲ್ಲಿ ಜಾರುಹಾದಿ. ಸುಮಾರು 6 ಕಿ.ಮೀ. ಉದ್ದ, 400 ಮೀಟರ್ ಎತ್ತರದ ಇಳಿಕೆ. ಇಳಿದು ಮುಗಿದ ಮೇಲೆ ರೇಷಿಯನ್ ರೈಲ್ವೆಯ ಕೆಂಪು ರೈಲು ಮತ್ತೆ ಮೇಲಕ್ಕೆ ಒಯ್ಯುತ್ತದೆ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ರೈಲುಮಾರ್ಗ ಅದು. ಅದರ ಕಲ್ಲಿನ ಕಮಾನು ಸೇತುವೆಗಳನ್ನು ನೋಡುತ್ತಲೇ ಜಾರಬಹುದು. ಆದರೆ ಅದೇ ಊರಿನ ಡಾರ್ಲುಕ್ಸ್ ಹಾದಿ ಕಡಿದಾದದ್ದು, ಹೊಸಬರಿಗಲ್ಲ. ಪ್ರತಿ ಜನವರಿ ನಮ್ಮ ಮಂತ್ರಿಗಳು ಬಂಡವಾಳ ಹುಡುಕಿ ಹೋಗುವ ದಾವೋಸ್‌ನಲ್ಲಿ ಶಾಟ್ಸಾಲ್ಪ್ ಹಾದಿಯಿದೆ. ಗ್ರಿಂಡೆಲ್ವಾಲ್ಡ್‌ನ ಫೌಲ್‌ಹಾರ್ನ್ ಹಾದಿ 15 ಕಿ.ಮೀ. ಉದ್ದದ್ದು, ಅದಕ್ಕೆ ಬಂಡಿ ಎಳೆದುಕೊಂಡು ಎರಡೂವರೆ ಗಂಟೆ ಹಿಮದಲ್ಲಿ ಹತ್ತಬೇಕು. ಇಷ್ಟು ಬೇರೆ ಬೇರೆಯಾದವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ಓದುಗರು ಆಯ್ಕೆ ಮಾಡಿಕೊಳ್ಳುವುದು ಹೇಗೆ?

ಮರದ ಬಂಡಿಗೆ ಬ್ರೇಕ್ ಎಂಬುದೇ ಇಲ್ಲ, ನಮ್ಮ ಕಾಲೇ ಬ್ರೇಕ್. ಎರಡೂ ಪಾದಗಳನ್ನು ಅಗಲಿಸಿ ಹಿಮಕ್ಕೆ ಒತ್ತಬೇಕು. ಎಡಕ್ಕೆ ಹೊರಳಲು ಎಡಗಾಲು, ಬಲಕ್ಕೆ ಬಲಗಾಲು. ಹಾಗಾಗಿ ಕಣಕಾಲು ಮುಚ್ಚುವ, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಬೂಟು ಬೇಕೇ ಬೇಕು. ಪಕ್ಕದ ಇಟಲಿಯಲ್ಲಿ 2022ರಲ್ಲೇ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಅಂಥ ಕಾನೂನಿಲ್ಲ. ಆದ್ದರಿಂದಲೇ ಬುಕಿಂಗ್ ಮಾಡುವಾಗಲೇ ಬೂಟು, ಹೆಲ್ಮೆಟ್ಟಿನ ಮಾತು ಹೇಳುವುದು ಟೂರ್ ಕಂಪನಿಗಳ ಹೊಣೆ. ಲಕ್ಷಗಟ್ಟಲೆ ಹಣ ಪಡೆಯುವವರಿಗೆ ಇದು ಭಾರವಾಗಲಾರದು.

ಮುಂದಿನ ಚಳಿಗಾಲದ ಪುರವಣಿಯಲ್ಲಿ ಯಾವ ಹಾದಿ ಯಾವ ವಯಸ್ಸಿಗೆ, ಕಾಲಿಗೇನು, ತಲೆಗೇನು ಎಂಬುದನ್ನು ಒಂದು ಚೌಕಟ್ಟಿನಲ್ಲಿ ದಯವಿಟ್ಟು ಪ್ರಕಟಿಸಿ.

– ಓದುಗರೊಬ್ಬರು, ಜ್ಯೂರಿಕ್